ಗಬ್ಬದ ಹಸುವಿಗೆ ಏನು ಹಾಕಬೇಕು: ಹಳ್ಳಿಕಾರ್ ಸಾಕುವವನ ಅನುಭವ

ನಮ್ಮ ಕಡೆ ಹಸು ಕರು ಹಾಕಿದ ಮೇಲೆ ಹಿಂಡಿ, ಬೂಸಾ, ಬೆಲ್ಲ ಎಲ್ಲವೂ ಗೋದಲಿಗೆ ಬರುತ್ತದೆ. ಗಬ್ಬದಲ್ಲಿದ್ದಾಗ ಮಾತ್ರ, ಹಾಲು ಕೊಡದ ಹಸು ತಾನೇ ಅಂತ ಒಣಹುಲ್ಲು ಹಾಕಿ ಸುಮ್ನೆ ಬಿಡುತ್ತಾರೆ. ನಾನು ಹಿಂಡಿಯನ್ನು ಮೊದಲೇ ಶುರು ಮಾಡುತ್ತೇನೆ. ಆರು ತಿಂಗಳ ಗಬ್ಬ ಅಂತ ಗೊತ್ತಾದ ದಿನದಿಂದಲೇ.

ನಾವು ಹಳ್ಳಿಕಾರ್ ತಳಿಯ ದನ ಸಾಕುವುದು ಹಾಲಿಗಲ್ಲ, ಹೋರಿಗರುಗಳಿಗೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕೊಳ್ಳುವವರು ಎದೆ, ಬೆನ್ನು, ಕಾಲು ನೋಡಿ ಬೆಲೆ ಕಟ್ಟುತ್ತಾರೆ ಅಲ್ವಾ, ಆ ಮೈಕಟ್ಟಿನಲ್ಲಿ ತಾಯಿ ಹೊಟ್ಟೆಯೊಳಗೇ ತೀರ್ಮಾನ ಆಗುವ ಪಾಲು ದೊಡ್ಡದು. ಸ್ನಾಯುವಿನ ಎಳೆಗಳು ಎಷ್ಟು ಅನ್ನುವುದು ಹುಟ್ಟುವ ಮುಂಚೆಯೇ ನಿಗದಿಯಾಗಿರುತ್ತದೆ. ಹುಟ್ಟಿದ ಮೇಲೆ ಇರುವ ಎಳೆಗಳೇ ದಪ್ಪ ಆಗುತ್ತವೆ. ಎಷ್ಟೇ ಒಳ್ಳೆ ಹೋರಿಯಿಂದ ಗಬ್ಬ ಕಟ್ಟಿಸಿದರೂ ಗಬ್ಬದಲ್ಲಿ ಸೊರಗಿದ ತಾಯಿಯ ಕರುವಿಗೆ ಆ ಕಸುವು ಬರುವುದು ಕಷ್ಟ.

ಮುಂಗಾರಿನ ಹಸಿರು ಮೇವು ತಿಂದು ಜುಲೈ, ಆಗಸ್ಟಿನಲ್ಲಿ ಗಬ್ಬ ನಿಂತ ಹಸು ಕರು ಹಾಕುವುದು ಏಪ್ರಿಲ್, ಮೇ ಹೊತ್ತಿಗೆ. ಕರುವಿನ ತೂಕದಲ್ಲಿ ಮೂರನೇ ಎರಡರಷ್ಟಾದರೂ ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ಸರಿಯಾಗಿ ಬೇಸಿಗೆಗೇ ಬೀಳುತ್ತವೆ. ಆಗ ಮೆದೆಯಲ್ಲಿ ಉಳಿದಿರುವುದು ರಾಗಿ ಹುಲ್ಲು ಮಾತ್ರ. ಅದರಲ್ಲಿ ಪ್ರೋಟೀನ್ ಶೇ. 3-4ರ ಆಸುಪಾಸು. ಹುಲ್ಲನ್ನು ಅರಗಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಮೇವಿನಲ್ಲಿ ಶೇ. 7ರಷ್ಟಾದರೂ ಬೇಕು. ಹಾಗಾಗಿ ಗೋದಲಿ ತುಂಬ ಹುಲ್ಲಿದ್ದರೂ ಹಸು ಸೊರಗುತ್ತದೆ, ಹೊಟ್ಟೆ ದಪ್ಪ ಕಾಣುತ್ತದೆ, ಪಕ್ಕೆಲುಬು ಎದ್ದಿರುತ್ತದೆ. ಇನ್ನೊಂದು ಹೊರೆ ಹುಲ್ಲು ಹಾಕಿದರೆ ಇದು ಸರಿ ಹೋಗುವುದಿಲ್ಲ. ಸ್ವಲ್ಪ ಪ್ರೋಟೀನ್ ಕೊಟ್ಟರೆ ಅದೇ ಹುಲ್ಲು ಮೈಗೆ ಹತ್ತುತ್ತದೆ.

ದಿನಕ್ಕೆ ನಾನು ಕೊಡುವುದು ಇಷ್ಟು: ನೆನೆಸಿದ ಕಡಲೆಕಾಯಿ ಹಿಂಡಿ ಅರ್ಧ ಕೆಜಿ, ಏಳು ತಿಂಗಳು ತುಂಬಿದ ಮೇಲೆ ಮುಕ್ಕಾಲು. ಗೋಧಿ ಬೂಸಾ ಒಂದು ಕೆಜಿ, ಹುರುಳಿ ಹೊಟ್ಟು, 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು. ಬೂಸಾ ಬಿಡಬೇಡಿ. ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ ಪರವಾಗಿಲ್ಲ, ರಂಜಕ (ಫಾಸ್ಫರಸ್) ಕಡಿಮೆ, ಬೂಸಾದಲ್ಲಿ ಅದು ಜಾಸ್ತಿ. ಹಸು ಗೋಡೆ ನೆಕ್ಕುತ್ತಿದ್ದರೆ, ಬಟ್ಟೆ ಅಗಿಯುತ್ತಿದ್ದರೆ ರಂಜಕ ಸಾಲುತ್ತಿಲ್ಲ ಅಂತ ಅನುಮಾನ ಪಡಬೇಕು. ಬದುವಿನ ಅಗಸೆ ಮರ, ನುಗ್ಗೆ, ಗ್ಲಿರಿಸಿಡಿಯಾ ಸೊಪ್ಪು ದಿನಾ ಒಂದು ಕಟ್ಟು ಬೀಳಲೇಬೇಕು. ಬೇಸಿಗೆಯೆಲ್ಲ ಬರೀ ಒಣಹುಲ್ಲಾದರೆ ವಿಟಮಿನ್ ಎ ಸಾಲದೆ ಕರು ಬಡಕಲಾಗುತ್ತದೆ, ಕಸ (ಮಾಸು) ಬೀಳುವುದೂ ತಡವಾಗಬಹುದು.

ಅಳತೆಗೆ ನನ್ನ ಅಂಗೈಯೇ ಸಾಕು. ಬೆಳಗ್ಗೆ ಹಿಂಡಿ ಇಡುವಾಗ ಪಕ್ಕೆಯ ಮೇಲೆ ಕೈ ಇಟ್ಟು ಒತ್ತುತ್ತೇನೆ. ಎಲುಬು ಕೈಗೆ ಸಿಗಬೇಕು, ದೂರದಿಂದ ಒಂದೊಂದಾಗಿ ಎಣಿಸುವಂತೆ ಕಾಣಬಾರದು. ಬಾಲದ ಬುಡದಲ್ಲಿ ಕೊಬ್ಬು ಗಂಟು ಕಟ್ಟಿದ್ದರೆ ಹಿಂಡಿ ಇಳಿಸುತ್ತೇನೆ, ಯಾಕೆಂದರೆ ತೀರಾ ಕೊಬ್ಬಿದ ಹಸುವಿಗೂ ಹೆರಿಗೆ ಕಷ್ಟವೇ.

'ಜಾಸ್ತಿ ಹಾಕಿದರೆ ಕರು ದಪ್ಪ ಆಗಿ ಸಿಕ್ಕಿಕೊಳ್ಳುತ್ತದೆ' ಅಂತ ಹಿರಿಯರು ಈಗಲೂ ಹೇಳುತ್ತಾರೆ. ಹದವಾಗಿ ಹಾಕಿದರೆ ಆ ಭಯ ಬೇಡ. ಅರೆಹೊಟ್ಟೆಯಲ್ಲಿದ್ದ ಹಸುವಿಗೆ ತಿಣುಕಿ ಕರು ಹಾಕುವ ಶಕ್ತಿಯೇ ಇರುವುದಿಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಮಾಂಸದ ತಳಿಯ ಹಸುಗಳು ಚಳಿಗಾಲವಿಡೀ ಒಣಗಿದ ಬಯಲನ್ನೇ ಮೇಯುತ್ತವೆ, ಹೆಚ್ಚುಕಡಿಮೆ ನಮ್ಮ ಬೇಸಿಗೆಯದೇ ಸ್ಥಿತಿ. ಅಲ್ಲಿ ಕೊನೆಯ ತಿಂಗಳುಗಳಲ್ಲಿ ದಿನಕ್ಕೆ ಅರ್ಧ ಕೆಜಿಯೂ ಇಲ್ಲದ ಪ್ರೋಟೀನ್ ಹಿಂಡಿ ಕೊಟ್ಟು ನೋಡಿದರು. ಹುಟ್ಟಿದ ಕರುಗಳ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಹಿಂಡಿ ತಿಂದ ತಾಯಂದಿರ ಹೆಣ್ಣುಗರುಗಳು ಬೆಳೆದ ಮೇಲೆ ಶೇ. 93ರಷ್ಟು ಗಬ್ಬ ನಿಂತವು, ತಿನ್ನದವರ ಹೆಣ್ಣುಗರುಗಳು ಶೇ. 80. 2007ರಲ್ಲಿ ಪ್ರಕಟವಾದ ಲೆಕ್ಕ ಇದು.

ನನಗೆ ಕೊಟ್ಟಿಗೆಯಲ್ಲಿ ಕಂಡ ವ್ಯತ್ಯಾಸ ಅಂದರೆ, ಕರು ಬಿದ್ದ ಸ್ವಲ್ಪ ಹೊತ್ತಿಗೇ ತಾನಾಗಿ ಎದ್ದು ಕೆಚ್ಚಲು ಹುಡುಕುತ್ತದೆ. ಗಿಣ್ಣು ಹಾಲು ಗಟ್ಟಿಯಾಗಿ ಇಳಿಯುತ್ತದೆ. ಹಸುವೂ ಬೇಗ ಬೆದೆಗೆ ಬರುತ್ತದೆ. ಬಡಕಲು ಹಸುವಿಗೆ ಕರು ಹಾಕಿದ ಮೇಲೆ ಎಷ್ಟು ಸುರಿದರೂ ಮೊದಲು ಮೈ ತುಂಬಬೇಕು, ಬೆದೆ ಆಮೇಲೆ. ಆ ಕಾಯುವ ತಿಂಗಳುಗಳ ಮೇವಿನ ಖರ್ಚು ಲೆಕ್ಕ ಹಾಕಿ, ಗಬ್ಬದ ಹಿಂಡಿಯೇ ಅಗ್ಗ.

ಚೊಚ್ಚಲ ಕಡಸಿಗೆ ಮಾತ್ರ ಬೇರೆ ಕಟ್ಟುತ್ತೇನೆ. ಅದು ತಾನೂ ಬೆಳೆಯಬೇಕು, ಕರುವನ್ನೂ ಬೆಳೆಸಬೇಕು, ದೊಡ್ಡ ಹಸುಗಳ ಜೊತೆ ಒಂದೇ ಗೋದಲಿಗೆ ಬಿಟ್ಟರೆ ಕೊಂಬಿನ ಏಟಿಗೆ ಹೆದರಿ ತಿನ್ನದೆ ಹಿಂದೆ ನಿಲ್ಲುತ್ತದೆ.