ಹಳೆಯ ಪಿಕಪ್‌ನ ಆಯಿಲ್ ಪ್ರೆಶರ್: ಎಂಜಿನ್ ಬಿಚ್ಚಿಸುವ ಮೊದಲು ಅಳೆದು ನೋಡಿ

ಗಾಡಿ ನಿಂತಾಗ ಆಯಿಲ್ ಪ್ರೆಶರ್ ಮುಳ್ಳು ತೀರಾ ಕೆಳಗಿಳಿಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರುತ್ತದೆ. ಹಳೆಯ ಪಿಕಪ್ ಓಡಿಸುವ ಅನೇಕರಿಗೆ ಇದು ಪರಿಚಿತ ಚಿಂತೆ. ಕೆಲವರು ಗಾಬರಿಯಾಗಿ ಎಂಜಿನ್ ಬಿಚ್ಚಿಸಲು ಹೊರಡುತ್ತಾರೆ. ಇನ್ನು ಕೆಲವರು ‘ಹಳೇ ಗಾಡಿ ಅಲ್ವಾ, ಇರಲಿ’ ಎಂದು ಓಡಿಸುತ್ತಲೇ ಇರುತ್ತಾರೆ. ಎರಡೂ ಬೇಡ. ಎಣ್ಣೆಯ ಪ್ರೆಶರನ್ನು ನೇರವಾಗಿ ತೋರಿಸುವ ಮೆಕ್ಯಾನಿಕಲ್ ಗೇಜ್ ಜೋಡಿಸಿ ಒಮ್ಮೆ ಅಳೆದರೆ ನಿಜ ಸಂಗತಿ ತಿಳಿಯುತ್ತದೆ.

ಡ್ಯಾಶ್‌ಬೋರ್ಡ್ ಹೇಳುವುದನ್ನು ಪೂರ್ತಿ ನಂಬುವಂತಿಲ್ಲ. ಕೆಂಪು ದೀಪದ ಸ್ವಿಚ್ ಸಾಮಾನ್ಯವಾಗಿ ಪ್ರೆಶರ್ 4ರಿಂದ 7 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ, ಚದರ ಇಂಚಿಗೆ ಇಷ್ಟು ಪೌಂಡ್) ಆಸುಪಾಸಿಗೆ ಕುಸಿದಾಗ ಮಾತ್ರ ದೀಪ ಹೊತ್ತಿಸುತ್ತದೆ. ಅಷ್ಟರಲ್ಲಿ ಬೇರಿಂಗ್‌ಗೆ ಪೆಟ್ಟು ಬಿದ್ದಿರಬಹುದು. ಮುಳ್ಳಿನ ಗೇಜ್ ಕೂಡ ಸೆಂಡರ್ (ಪ್ರೆಶರ್ ಅಳೆದು ಗೇಜ್‌ಗೆ ತಿಳಿಸುವ ಸೆನ್ಸರ್), ತಂತಿ, ಅರ್ಥಿಂಗ್ ಎಲ್ಲವೂ ಸರಿ ಇದ್ದರಷ್ಟೇ ಸರಿ ತೋರಿಸುತ್ತದೆ. ಕೆಲವು ಪಿಕಪ್‌ಗಳಲ್ಲಂತೂ ಗೇಜ್ ಹಿಂದೆ ಇರುವುದು ಬರೀ ಆನ್-ಆಫ್ ಸ್ವಿಚ್. ಒಂದಿಷ್ಟು ಪ್ರೆಶರ್ ಇದ್ದರೆ ಸಾಕು, ಮುಳ್ಳು ನಡುವೆ ನಿಂತುಬಿಡುತ್ತದೆ.

ಪ್ರೆಶರ್ ಹುಟ್ಟುವುದು ಹೇಗೆ?

ಪಂಪಿನ ಕೆಲಸ ಎಣ್ಣೆಯನ್ನು ತಳ್ಳುವುದಷ್ಟೇ. ಆ ಎಣ್ಣೆ ಫಿಲ್ಟರ್ ದಾಟಿ, ಕ್ರ್ಯಾಂಕ್ ಮತ್ತು ಕ್ಯಾಮ್ ಬೇರಿಂಗ್‌ಗಳ ಸಣ್ಣ ಸಂದಿಗಳಲ್ಲಿ ನುಸುಳಬೇಕು. ನೀರಿನ ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ ಹಾಗೆ, ದಾರಿ ಕಿರಿದಾದಷ್ಟೂ ಪ್ರೆಶರ್ ಜಾಸ್ತಿ. ಬೇರಿಂಗ್ ಸವೆದು ಸಂದಿ ಅಗಲವಾದರೆ ಎಣ್ಣೆ ಸಲೀಸಾಗಿ ಸೋರಿಹೋಗುತ್ತದೆ, ಪ್ರೆಶರ್ ಇಳಿಯುತ್ತದೆ. ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ, ಪಂಪ್ ನಿಧಾನವಾಗಿ ತಿರುಗುವಾಗ ಇದು ಎದ್ದು ಕಾಣುತ್ತದೆ. ಆದ್ದರಿಂದ ನಮಗೆ ಮುಖ್ಯವಾದ ಅಂಕಿ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ ಸಿಗುವುದು. ತಣ್ಣಗಿರುವಾಗ ಸವೆದ ಎಂಜಿನ್ ಕೂಡ 50 ಪಿಎಸ್‌ಐ ತೋರಿಸಿಬಿಡಬಹುದು. ಅದನ್ನು ನೋಡಿ ಸಮಾಧಾನ ಪಡಬೇಡಿ.

ಮೊದಲು ಡಿಪ್‌ಸ್ಟಿಕ್

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ನೋಡಿ. ಕಡಿಮೆ ಇದ್ದರೆ ತುಂಬಿಸಿ. ಎಷ್ಟೋ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಎಣ್ಣೆಯನ್ನು ಮೂಸಿಯೂ ನೋಡಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಬೆರೆತು ಎಣ್ಣೆ ತೆಳ್ಳಗಾಗಿದೆ. ಹಾಲು ಬೆರೆಸಿದ ಬಣ್ಣ ಬಂದಿದ್ದರೆ ಕೂಲಂಟ್ ಸೇರಿರುವ ಸಾಧ್ಯತೆ ಹೆಚ್ಚು. ಇಂಥ ಎಣ್ಣೆಯಲ್ಲಿ ಪ್ರೆಶರ್ ಅಳೆದು ಪ್ರಯೋಜನವಿಲ್ಲ. ಕಾರಣ ಹುಡುಕಿ ಸರಿಪಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಆಮೇಲೆ ಮುಂದುವರಿಯಿರಿ.

ಗೇಜ್ ಜೋಡಿಸುವುದು

ಬೇಕಾದದ್ದು 0ರಿಂದ 100 ಪಿಎಸ್‌ಐ ತೋರಿಸುವ ಗೇಜ್, ಅದರ ಹೋಸ್, ಸರಿಯಾದ ಅಡಾಪ್ಟರ್, ಸೆಂಡರ್ ಬಿಚ್ಚುವ ಉದ್ದ ಸಾಕೆಟ್, ಒಂದಿಷ್ಟು ಹಳೆ ಬಟ್ಟೆ. ಅಡಾಪ್ಟರ್ ವಿಷಯದಲ್ಲಿ ಆತುರ ಬೇಡ. ಅಮೆರಿಕನ್ ಪೈಪ್ ಥ್ರೆಡ್ ಅಳತೆಯಾದ 1/8 ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಬ್ರಿಟಿಷ್ ಅಳತೆಯಾದ 1/8 ಬಿಎಸ್‌ಪಿಟಿಯಲ್ಲಿ 28. ನೋಡಲು ಒಂದೇ ಥರ, ಮೊದಲ ಸುತ್ತು ಕೂರುತ್ತವೆ ಕೂಡ. ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಮೆಟ್ರಿಕ್ ಥ್ರೆಡ್ ಇರುತ್ತದೆ. ನಿಮ್ಮ ಗಾಡಿಯದು ಯಾವುದೆಂದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಸೆಂಡರ್ ಹೆಚ್ಚಾಗಿ ಆಯಿಲ್ ಫಿಲ್ಟರ್ ಹತ್ತಿರವೇ ಬ್ಲಾಕಿಗೆ ಕೂತಿರುತ್ತದೆ. ಎಂಜಿನ್ ತಣ್ಣಗಿರುವಾಗ ಸುತ್ತಲಿನ ಕೊಳೆ ಒರೆಸಿ, ಕನೆಕ್ಟರ್ ತೆಗೆದು, ಸೆಂಡರ್ ಬಿಚ್ಚಿ. ಸ್ವಲ್ಪ ಎಣ್ಣೆ ಸುರಿಯುತ್ತದೆ, ಕೆಳಗೆ ಬಟ್ಟೆ ಇಟ್ಟಿರಿ. ಕೆಲವು ಎಂಜಿನ್‌ಗಳಲ್ಲಿ ಸೆಂಡರ್ ಕೆಳಗೆ ಪುಟ್ಟ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಪ್ರೆಶರ್ ಚೆನ್ನಾಗಿದ್ದರೂ ಮುಳ್ಳು ಏಳುವುದಿಲ್ಲ. ಇದನ್ನು ತಪ್ಪದೆ ಪರೀಕ್ಷಿಸಿ.

ಅಡಾಪ್ಟರನ್ನು ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ, ಆಮೇಲೆ ಹದವಾಗಿ ಬಿಗಿ ಮಾಡಿ. ಹೋಸ್ ಫ್ಯಾನ್, ಬೆಲ್ಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಯಾವುದಕ್ಕೂ ತಾಗಬಾರದು. ಬಿಸಿ ಎಕ್ಸಾಸ್ಟ್ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಡಿ. ಕೆಲಸ ಬಯಲಿನಲ್ಲೇ ಮಾಡಿ.

ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏಳಬೇಕು. ಏಳದಿದ್ದರೆ ತಕ್ಷಣ ಆಫ್ ಮಾಡಿ. ಎದ್ದರೆ ಸೋರಿಕೆ ಇದೆಯೇ ನೋಡಿ. ನಂತರ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಲು ಬಿಡಿ. ಟೆಂಪರೇಚರ್ ಮುಳ್ಳು ನಡುವಿಗೆ ಬಂದ ಕೂಡಲೇ ಅಳೆಯಬೇಡಿ. ಕೂಲಂಟ್‌ಗಿಂತ ಎಣ್ಣೆ ನಿಧಾನವಾಗಿ ಬಿಸಿಯಾಗುತ್ತದೆ, ಇನ್ನೂ ಹತ್ತು-ಹದಿನೈದು ನಿಮಿಷ ಕಾಯಿರಿ. ಆಮೇಲೆ ಐಡಲ್, 2000 ಮತ್ತು 3000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬರುವ ಅಂಕಿಗಳನ್ನು ಬರೆದುಕೊಳ್ಳಿ.

ಅಂಕಿ ಏನು ಹೇಳುತ್ತದೆ?

ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ಕೊಡುವ ಅಂಕಿಯೇ ಅಂತಿಮ. ಅದು ಸಿಗದಿದ್ದರೆ ಮೆಕ್ಯಾನಿಕ್‌ಗಳ ನಡುವೆ ಬಹುಕಾಲದಿಂದ ಇರುವ ಲೆಕ್ಕ ಹಿಡಿಯಿರಿ: ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಗೇಜ್ ಬಾರ್‌ನಲ್ಲಿ ತೋರಿಸಿದರೆ 1 ಬಾರ್ ಅಂದರೆ 14.5 ಪಿಎಸ್‌ಐ.

ಮೆಕ್ಯಾನಿಕಲ್ ಗೇಜ್‌ನಲ್ಲಿ ಎಲ್ಲ ಅಂಕಿಗಳೂ ಸರಿ ಇದ್ದು ಡ್ಯಾಶ್‌ಬೋರ್ಡ್ ಮಾತ್ರ ಕಡಿಮೆ ತೋರಿಸುತ್ತಿದ್ದರೆ ದೋಷ ಸೆಂಡರ್ ಅಥವಾ ತಂತಿಯದು. ಹೊಸ ಸೆಂಡರ್ ಹಾಕಿ ನಿಶ್ಚಿಂತೆಯಾಗಿರಿ. ಒಂದೇ ತಂತಿಯ ಸೆಂಡರ್ ಆದರೆ ಥ್ರೆಡ್‌ಗೆ ಟೇಪ್ ಜಾಸ್ತಿ ಸುತ್ತಬೇಡಿ. ಅದಕ್ಕೆ ಅರ್ಥ್ ಸಿಗುವುದು ಆ ಥ್ರೆಡ್ ಮೂಲಕವೇ.

ಬಿಸಿ ಐಡಲ್‌ನಲ್ಲಿ ಮಾತ್ರ ಕಡಿಮೆ ಇದ್ದು, ಆರ್‌ಪಿಎಂ ಏರಿದಂತೆ ಸರಿಹೋದರೆ ಬೇರಿಂಗ್ ಸವೆತದ ಅನುಮಾನ ಬಲವಾಗುತ್ತದೆ. ಎಣ್ಣೆಯ ಗ್ರೇಡ್ ತೀರಾ ತೆಳುವಾಗಿದ್ದರೂ ಹೀಗಾಗುತ್ತದೆ. ಇಲ್ಲಿ ಅನೇಕರು ಸುಮ್ನೆ 20ಡಬ್ಲ್ಯೂ-50ಯಂಥ ದಪ್ಪ ಎಣ್ಣೆ ಹಾಕಿ ಮುಳ್ಳನ್ನು ಮೇಲೆತ್ತುತ್ತಾರೆ. ಮ್ಯಾನ್ಯುಯಲ್ ಆ ಗ್ರೇಡನ್ನು ಒಪ್ಪಿದರೆ ಅಡ್ಡಿಯಿಲ್ಲ. ಒಪ್ಪದಿದ್ದರೆ ಅಂಕಿ ಏರುತ್ತದೆ, ಸವೆತ ಹಾಗೇ ಇರುತ್ತದೆ, ತಣ್ಣಗಿನ ಸ್ಟಾರ್ಟ್‌ನಲ್ಲಿ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ.

ಎಲ್ಲ ವೇಗದಲ್ಲೂ ಕಡಿಮೆ ಇದ್ದರೆ ಸವೆದ ಪಂಪ್, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಶರ್ ಬಿಡುವ ಕವಾಟ), ಇಲ್ಲವೇ ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪ್‌ನೊಳಗಿನ ಜಾಲರಿಯಲ್ಲಿ ಕಟ್ಟಿದ ಕೆಸರು ಕಾರಣವಿರಬಹುದು. ಮುಳ್ಳು ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿರಬಹುದು. ಎಣ್ಣೆಯ ಮಟ್ಟ ಸರಿ ಇದ್ದೂ ಹೀಗಾದರೆ ಪಂಪಿಗೆ ಎಣ್ಣೆ ಎಳೆಯುವ ಕೊಳವೆಯ ಸೀಲ್ ನೋಡಿಸಿ. ಇವಕ್ಕೆಲ್ಲ ಹೆಚ್ಚಾಗಿ ಸಂಪ್ ಇಳಿಸಬೇಕಾಗುತ್ತದೆ, ಆದರೆ ಪೂರ್ತಿ ಎಂಜಿನ್ ಬಿಚ್ಚಬೇಕಿಲ್ಲ.

ಕಡಿಮೆ ಅಂಕಿಯ ಜೊತೆ ಎಂಜಿನ್ ಕೆಳಭಾಗದಿಂದ ಬಡಿಯುವ ಸದ್ದೂ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಗ್ಯಾರೇಜಿಗೆ ಟೋ ಮಾಡಿಸಿ. ಹತ್ತಿರವೇ ಇದೆ ಎಂದು ಓಡಿಸಿಕೊಂಡು ಹೋದರೆ, ಬರೀ ಬೇರಿಂಗ್ ಬದಲಿಸಿ ಮುಗಿಯಬಹುದಾದ ಕೆಲಸಕ್ಕೆ ಕ್ರ್ಯಾಂಕ್‌ಶಾಫ್ಟ್ ಕೂಡ ಸೇರಿಕೊಳ್ಳುತ್ತದೆ.