ಚೌತಿಯ ಪಂಚಕಜ್ಜಾಯವೂ ಕ್ರೈಸ್ತರ ಮನಸ್ಸಾಕ್ಷಿಯೂ

ಮಂಗಳೂರಿನಲ್ಲಿ ಚೌತಿಯ ಮಧ್ಯಾಹ್ನ ಪಕ್ಕದ ಮನೆಯಿಂದ ಗಣಪತಿಗೆ ನೈವೇದ್ಯ ಮಾಡಿ ಬಾಳೆಲೆಯಲ್ಲಿ ಕಟ್ಟಿದ ಪಂಚಕಜ್ಜಾಯ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಕ್ರೈಸ್ತರಿಗೆ ಹೊಸದಲ್ಲ. ವಿಗ್ರಹಗಳಿಗೆ ಅರ್ಪಿಸಿದ ಬಲಿಯ ಮಾಂಸದ ವಿಷಯದಲ್ಲಿ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಗೂ ಇದೇ ತೊಡಕಿತ್ತು. ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೇ ಅಧ್ಯಾಯಗಳನ್ನೂ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯವನ್ನೂ ಒಟ್ಟಿಗೆ ಓದಿರಿ, ಏಕೆಂದರೆ ಒಂದೇ ವಚನ ಹಿಡಿದು ವಾದಿಸುವವರಿಗೆ ಎರಡೂ ಕಡೆಗೆ ಉತ್ತರ ಸಿಗುತ್ತದೆ.

ಪೂಜೆಯಲ್ಲಿ ಪಾಲುಗೊಳ್ಳುವುದನ್ನೂ ಮನೆಗೆ ಬಂದದ್ದನ್ನು ತಿನ್ನುವುದನ್ನೂ ಮೊದಲು ಬೇರ್ಪಡಿಸಿಕೊಳ್ಳಿ. ಮೊದಲನೆಯದಕ್ಕೆ ಪೌಲನು ಅವಕಾಶ ಕೊಡುವುದಿಲ್ಲ. ಎರಡನೆಯದರಲ್ಲಿ, ಅಂಗಡಿಯಲ್ಲಿ ಮಾರುವುದನ್ನೂ ಊಟಕ್ಕೆ ಕರೆದವರು ಬಡಿಸಿದ್ದನ್ನೂ ವಿಚಾರಿಸದೆ ತಿನ್ನಬಹುದು; ಆದರೆ ಇದು ಬಲಿ ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು. ಪಂಚಕಜ್ಜಾಯವನ್ನು ಯಾರೂ ಹೇಳಿ ಗುರುತಿಸಬೇಕಾಗಿಲ್ಲ, ಬೆಲ್ಲ ಮತ್ತು ಎಳ್ಳಿನ ಪರಿಮಳವೇ ಹೇಳುತ್ತದೆ. ಆದ್ದರಿಂದ ನಾನು ತಿಂದರೆ ನೋಡುವವರು ಏನೆಂದು ತಿಳಿಯುತ್ತಾರೆ ಎಂಬುದನ್ನೇ ಮುಖ್ಯವಾಗಿ ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಹಿಂದಿನ ಪೂಜೆಗಳನ್ನು ಈಚೆಗಷ್ಟೇ ಬಿಟ್ಟುಬಂದವರು ಮನೆಯಲ್ಲಿದ್ದರೆ ಅವರೆದುರು ತಿನ್ನಬೇಡಿ. ಒಬ್ಬರೇ ಇದ್ದಾಗಲೂ ಸಂಶಯವಿದ್ದರೆ ಬಿಡಿ. ದಾಕ್ಷಿಣ್ಯಕ್ಕೆ ತಿಂದದ್ದು ನಂಬಿಕೆಯಿಂದ ತಿಂದದ್ದಲ್ಲ.

ಬಿಡುವುದಾದರೆ ಬಾಗಿಲಲ್ಲೇ ಹೇಳಿಬಿಡಿ: "ಬೇಸರ ಮಾಡಬೇಡಿ ಅಕ್ಕ, ನೈವೇದ್ಯಕ್ಕೆ ಇಟ್ಟದ್ದನ್ನು ನಾವು ತಿನ್ನುವ ಕ್ರಮ ಇಲ್ಲ. ಚಾ ಕುಡಿದೇ ಹೋಗಬೇಕು." ನಾನು ಒಮ್ಮೆ ನಗುತ್ತಾ ತೆಗೆದುಕೊಂಡು, ಹಿತ್ತಲಿನ ತೆಂಗಿನ ಬುಡಕ್ಕೆ ಎಸೆದಿದ್ದೆ. ಬಿಚ್ಚಿದ ಬಾಳೆಲೆಯ ಮೇಲೆ ಇರುವೆ ಸಾಲುಗಟ್ಟಿದ್ದನ್ನು ಬಾವಿಕಟ್ಟೆಯಿಂದ ಪಕ್ಕದ ಮನೆಯ ಅಕ್ಕ ನೋಡಿದರು, ಏನೂ ಹೇಳಲಿಲ್ಲ. ಮರುವರ್ಷ ಪೊಟ್ಟಣ ಬರಲಿಲ್ಲ. ನೇರವಾಗಿ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಸಭೆಯೊಳಗೆ ತಿನ್ನುವವರು ತಿನ್ನದವರನ್ನು ಹೀನೈಸಬಾರದು, ತಿನ್ನದವರು ತಿನ್ನುವವರಿಗೆ ತೀರ್ಪು ಮಾಡಬಾರದು. ಎರಡನೆಯದೇ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು, ಅದೂ ಆರಾಧನೆ ಮುಗಿದು ಅಂಗಳಕ್ಕೆ ಬಂದ ಕೂಡಲೇ. ಭಿನ್ನಾಭಿಪ್ರಾಯವಿದ್ದರೆ ಆ ಮನೆಗೇ ಹೋಗಿ ಮಾತಾಡಿ.

ನೆರೆಯವರಿಗೂ ಮನಸ್ಸಾಕ್ಷಿಯಿದೆ. ಕ್ರಿಸ್ಮಸ್‌ಗೆ ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆ ಕಳುಹಿಸುವಾಗ ಕೇಕಿಗೆ ಮೊಟ್ಟೆ ಹಾಕಿದ್ದನ್ನು ಅವರು ಕೇಳುವ ಮೊದಲೇ ಹೇಳಿ. ಮೊಟ್ಟೆ ಮುಟ್ಟದ ಮನೆಗಾದರೆ ನೆವ್ರಿ (ಕರ್ಜಿಕಾಯಿ), ಚಕ್ಕುಲಿಗಳನ್ನು ಬೇರೆಯೇ ತಟ್ಟೆಯಲ್ಲಿಡಿ.