ಮಳೆಗಾಲದಲ್ಲಿ ಟ್ಯೂಬ್ಯುಲರ್ ಟೈರು ಅಂಟಿಸಿದ ಬಗೆ

ಮಂಗಳೂರಿನ ಜುಲೈ ತಿಂಗಳ ತೇವದಲ್ಲಿ ಅಲ್ಯೂಮಿನಿಯಂ ರಿಮ್ಮಿಗೆ ಅಂಟಿಸಿದ ಟ್ಯೂಬ್ಯುಲರ್ ಟೈರು (ಟ್ಯೂಬನ್ನು ಒಳಗಿಟ್ಟು ಹೊಲಿದ, ರಿಮ್ಮಿಗೆ ಅಂಟಿನಿಂದ ಕೂರಿಸುವ ರೇಸ್ ಸೈಕಲ್ಲಿನ ಟೈರು), ಗಾಳಿ ಬಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ವಾಲ್ವಿನ ಎದುರು ಬದಿಯಲ್ಲಿ ಸಲೀಸಾಗಿ ಕಳಚಿಕೊಳ್ಳುತ್ತಿತ್ತು. ಅಂಟು ಮಾಸಲು ಬಿಳಿ ಪದರವಾಗಿ ರಿಮ್ಮಿನಲ್ಲೇ ಉಳಿಯುತ್ತಿತ್ತು. ಟೈರಿನ ತಳದ ಬಟ್ಟೆಪಟ್ಟಿ ಮಾತ್ರ ಬರಿದಾಗಿ ಎದ್ದು ಬರುತ್ತಿತ್ತು. ಬ್ರೇಕಿನ ಬಿಸಿಗೆ ಅಂಟು ಇನ್ನಷ್ಟು ಮೆದುವಾಗುವುದರಿಂದ ಇಂಥ ಚಕ್ರದಲ್ಲಿ ಆಗುಂಬೆ ಘಾಟಿ ಇಳಿಯುವುದು ಜೀವಕ್ಕೇ ಅಪಾಯ.

ದಪ್ಪಗೆ ಬಳಿದದ್ದು, ಬೇರೆ ಕಂಪನಿಯ ಅಂಟು ತಂದದ್ದು, ಫ್ಯಾನಿನ ಕೆಳಗೆ ಒಣಗಿಸಿದ್ದು, ಯಾವುದೂ ಫಲ ಕೊಡಲಿಲ್ಲ. ಅಂಟಿನಲ್ಲಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಫ್ಯಾನು ಅದನ್ನು ತಡೆಯುವುದಿಲ್ಲ.

ಫಲ ಕೊಟ್ಟ ಕ್ರಮ ಹೀಗಿದೆ. ಟೈರನ್ನು ಅಂಟಿಲ್ಲದೆ ರಿಮ್ಮಿಗೆ ಏರಿಸಿ, ಗಾಳಿ ತುಂಬಿ, 24 ಗಂಟೆ ಹಿಗ್ಗಲು ಬಿಡಬೇಕು. ಬಳಿಕ ತಳಪಟ್ಟಿಯ ಮೇಲಿನ ನುಣುಪಾದ ಲ್ಯಾಟೆಕ್ಸ್ ಪೊರೆಯನ್ನು, ನೂಲಿನ ನೇಯ್ಗೆ ಕಣ್ಣಿಗೆ ಕಾಣುವವರೆಗೆ, ಆದರೆ ನೂಲು ಹರಿಯದಂತೆ, ಹಗುರವಾಗಿ ಕೆರೆಯಬೇಕು. ಬಹುತೇಕ ಹಿಡಿತ ಇಲ್ಲಿಯೇ ನಿರ್ಧಾರವಾಗುತ್ತದೆ. ರಿಮ್ಮನ್ನು ಅಸಿಟೋನಿನಿಂದ ಒರೆಸಿ, ಎಸಿಯನ್ನು ಡ್ರೈ ಮೋಡಿನಲ್ಲಿಟ್ಟ ಕೋಣೆಯಲ್ಲಿ ರಿಮ್ಮಿಗೆ ಮೂರು, ಪಟ್ಟಿಗೆ ಎರಡು ತೆಳು ಪದರ ಬಳಿದು, ಒಂದೊಂದನ್ನೂ ರಾತ್ರಿಯಿಡೀ ಒಣಗಿಸಬೇಕು. ಹತ್ತಿರ ಬೆಂಕಿ ಇರಕೂಡದು. ತಣ್ಣಗಿನ ರಿಮ್ಮನ್ನು ನಡುವೆ ಹೊರಗೆ ತಂದರೆ ಅದು ಬೆವರುತ್ತದೆ, ಆದ್ದರಿಂದ ಟೈರು ಕೂರಿಸುವವರೆಗೂ ಎಲ್ಲವೂ ಒಳಗೇ ಇರಬೇಕು.

ಕೊನೆಯ ತೆಳು ಪದರವನ್ನು ರಿಮ್ಮಿಗೆ ಮಾತ್ರ ಬಳಿದು, ಬೆರಳಿಗೆ ಜಿಗುಟಾದೊಡನೆ ವಾಲ್ವಿನಿಂದ ಆರಂಭಿಸಿ ಎರಡೂ ಕಡೆ ಕೆಳಕ್ಕೆ ಎಳೆಯುತ್ತ ಟೈರನ್ನು ಕೂರಿಸಬೇಕು. 2 ಬಾರ್ ಒತ್ತಡದ ಗಾಳಿಯಲ್ಲಿ ಚಕ್ರ ತಿರುಗಿಸಿ ನೇರ ಮಾಡಿ, ಅನಂತರ ಒತ್ತಡವನ್ನು 7 ಬಾರ್‌ಗೆ ಏರಿಸಿ ಒಂದು ದಿನ ಬಿಡಬೇಕು. ಮತ್ತೆ ಗಾಳಿ ಬಿಟ್ಟು ಸುತ್ತಲೂ ಹೆಬ್ಬೆರಳಿನಿಂದ ಒತ್ತಿದಾಗ ಎಲ್ಲಿಯೂ ಅಂಚು ಏಳಲಿಲ್ಲ.